ತ್ರೀ ಫಿಫ್ಟೀನ್ ಹುಟ್ಟಿದ್ದೆಲ್ಲಿ? ಐನ್‌ಮನೆಯ ಡಬ್ಬದಲ್ಲಿ ಸಿಕ್ಕ ಒಂಬತ್ತು ತೋಟಾಗಳ ಪ್ರಕರಣ

ತ್ರೀ ಫಿಫ್ಟೀನ್ ಅನ್ನುವ ರೈಫಲ್ ತೋಟಾದ ಈ ಪ್ರಕರಣ ಕೊಡಗಿನ ಒಂದು ಐನ್‌ಮನೆಯಲ್ಲಿ, ಅಂದರೆ ಒಕ್ಕದ (ಮನೆತನದ) ಮೂಲ ಮನೆಯಲ್ಲಿ, ನಡೆದದ್ದು. ಊರು, ಒಕ್ಕದ ಹೆಸರು, ಆ ಮನೆಯ ಹಿರಿಯರಿದ್ದ ರೆಜಿಮೆಂಟ್ ಯಾವುದನ್ನೂ ಇಲ್ಲಿ ಬರೆದಿಲ್ಲ. ಗುರುತು ಸಿಗಬಹುದಾದ ಒಂದೆರಡು ಸಂಗತಿಗಳನ್ನು ಬದಲಿಸಿದ್ದೇನೆ. ತೋಟಾಗಳ ಅಳತೆ ಮತ್ತು ಚರಿತ್ರೆಯನ್ನು ಮಾತ್ರ ಮುಟ್ಟಿಲ್ಲ. ಹಳೆಯ ಮಿಲಿಟರಿ ತೋಟಾ ಎಲ್ಲಿಂದ ಬಂತು ಅಂತ ಇಂಥದೇ ವಾದ ಬೇರೆ ಮನೆಗಳಲ್ಲೂ ನಡೆಯುತ್ತದೆ. ಅವರಿಗೆ ಉಪಯೋಗವಾಗಲಿ ಅಂತ ಎಲ್ಲವನ್ನೂ ವಿವರವಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಮನೆಯ ಹಿರಿಯರನ್ನು ಎಲ್ಲರೂ ಸುಬೇದಾರ್ ಅಜ್ಜ ಅಂತಲೇ ಕರೆಯುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಸೇನೆಯಲ್ಲಿದ್ದವರು. ಆಮೇಲೆ ಊರಿಗೆ ಬಂದು ಕಾಫಿ, ಭತ್ತ ನೋಡಿಕೊಂಡಿದ್ದರು. ಅವರು ತೀರಿಕೊಂಡು ತುಂಬಾ ವರ್ಷಗಳಾಗಿವೆ. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಮುಂಚೆ ಮಾಡು ರಿಪೇರಿ ಮಾಡಿಸುವಾಗ ಅಟ್ಟದಲ್ಲಿ ಒಂದು ಬಿಸ್ಕತ್ ಡಬ್ಬ ಸಿಕ್ಕಿತು. ಒಳಗೆ ಎಂಟು ಖಾಲಿ ಹಿತ್ತಾಳೆ ಕೊಳವೆಗಳು, ಇನ್ನೂ ಗುಂಡು ಸಿಕ್ಕಿಕೊಂಡೇ ಇದ್ದ ಒಂದು ತೋಟಾ.

ಸಿಕ್ಕ ದಿನವೇ ಯಾರೋ ಹುಡುಗರು ಎಂಟೂ ಕೊಳವೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದರು. ಅದು ಸಾಲದು ಅಂತ ತಳಕ್ಕೆ ಸ್ಯಾಂಡ್ ಪೇಪರ್ ಬೇರೆ ಹಾಕಿದ್ದರು. ನಾನು ನೋಡುವ ಹೊತ್ತಿಗೆ ಫಳಫಳ ಹೊಳೆಯುತ್ತಿದ್ದವು. ನನಗೆ ಹೊಟ್ಟೆಯುರಿಯಿತು. ಯಾವ ಫ್ಯಾಕ್ಟರಿ, ಯಾವ ವರ್ಷ ಅಂತ ತಳದಲ್ಲಿ ಒತ್ತಿರುವ ಮುದ್ರೆಯೇ ತೋಟಾದ ಜಾತಕ. ಒಂದರ ತಳದಲ್ಲಿ ಮಾತ್ರ ಕೆ, ಎಫ್ ಅನ್ನುವ ಎರಡು ಅಕ್ಷರ ಅರ್ಧಂಬರ್ಧ ಉಳಿದಿದ್ದವು.

ಅಜ್ಜನ ಫೋಟೋ, ಪದಕಗಳ ಪಕ್ಕ ಈ ಕೊಳವೆಗಳನ್ನೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೆಳಗೊಂದು ಫಲಕ ಬರೆಸಬೇಕು ಅಂತ ಮನೆಯವರ ಆಸೆ. ಫಲಕ ಬರೆಯುವ ಕೆಲಸ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳಿಗೆ ಬಿತ್ತು. ಏನಂತ ಬರೆಯುವುದು ಅನ್ನುವಲ್ಲಿಗೆ ಜಗಳ ಶುರುವಾಯಿತು.

ಮೂರು ಕತೆ, ಒಂದು ಡಬ್ಬ

ಅಜ್ಜನ ಹಿರಿಯ ಮಗನಿಗೆ ಈಗ ಎಂಬತ್ತರ ಹತ್ತಿರ. ಇಲ್ಲಿ ಅವರನ್ನು ಅಣ್ಣ ಅನ್ನುತ್ತೇನೆ. ಅಷ್ಟೂ ತ್ರೀ ನಾಟ್ ತ್ರೀ (ಬ್ರಿಟಿಷ್ ಸೇನೆಯ 0.303 ಇಂಚಿನ ರೈಫಲ್ ತೋಟಾ), ಅಪ್ಪ ಯುದ್ಧದಿಂದ ತಂದದ್ದು ಅಂತ ಅವರ ವಾದ. ಗುಂಡಿದ್ದ ತೋಟಾವಂತೂ ದಂ ದಂ ಗುಂಡು, ಅಪ್ಪ ಹಾಗೇ ಹೇಳುತ್ತಿದ್ದರು ಅಂತ ಪಟ್ಟು ಹಿಡಿದಿದ್ದರು.

ಅಣ್ಣನ ತಮ್ಮ ಒಪ್ಪಲಿಲ್ಲ. ಇವರನ್ನು ಮುಂದೆ ತಮ್ಮ ಅಂತಲೇ ಕರೆಯುತ್ತೇನೆ. ಇವು ತ್ರೀ ಫಿಫ್ಟೀನ್, ಅಂದರೆ 0.315 ಇಂಚಿನವು ಅಂದರು. ಸೇನೆಯ ತೋಟಾ ಜನರ ಕೈಗೆ ಸಿಗಬಾರದು ಅಂತ ಬ್ರಿಟಿಷರು ತ್ರೀ ನಾಟ್ ತ್ರೀಯ ಬಾಯಿಯನ್ನೇ ಸ್ವಲ್ಪ ಅಗಲ ಮಾಡಿ ಹೊಸದೊಂದನ್ನು ಮಾಡಿದರು, ಹಾಗಾಗಿ ಇದು ಭಾರತದಲ್ಲೇ ಹುಟ್ಟಿದ್ದು ಅಂತ ಅವರ ಕತೆ. ಈ ಕತೆಯನ್ನು ನಾನೂ ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಕೆ, ಎಫ್ ಅಂದರೆ ಪುಣೆಯ ಖಡ್ಕಿ ಫ್ಯಾಕ್ಟರಿ ಅನ್ನುವುದು ಅವರಿಗೆ ಗೊತ್ತಿತ್ತು. ಅದನ್ನೇ ಸಾಕ್ಷಿಯಾಗಿ ಮುಂದಿಟ್ಟರು.

ಮೂರನೆಯವರು ಸೇನೆಯಿಂದಲೇ ನಿವೃತ್ತರಾದ ನೆಂಟರು. 8 ಮಿ.ಮೀ. ಅಂದಮೇಲೆ ಜರ್ಮನಿಯ ಮೌಸರ್ ತೋಟಾವೇ, ಅದರಲ್ಲಿ ಮಾತೇ ಇಲ್ಲ ಅಂದರು.

ಮೂವರೂ ತಿಳಿದವರು. ಮೂವರಿಗೂ ಒಂದೊಂದು ತುಂಡು ಸತ್ಯ ಸಿಕ್ಕಿತ್ತು. ಇಂಥ ಜಗಳ ಬೇಗ ಮುಗಿಯದೇ ಇರುವುದು ಅದಕ್ಕೇ.

ಮೊದಲ ತೀರ್ಮಾನ: ಗುಂಡಿದ್ದ ತೋಟಾ

ನನ್ನನ್ನು ಕರೆದದ್ದು ಅಳತೆ ಮಾಡಲು. ಆದರೆ ಗುಂಡಿದ್ದ ತೋಟಾ ಮೇಜಿನ ಮೇಲಿರುವವರೆಗೂ ಬೇರೆ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ ಅಂದುಬಿಟ್ಟೆ. ಹಳೆಯ ಮದ್ದನ್ನು ನಂಬುವ ಹಾಗಿಲ್ಲ. ಅದಕ್ಕಿಂತ ಹೆಚ್ಚಾಗಿ, ತ್ರೀ ನಾಟ್ ತ್ರೀ ನಮ್ಮ ಆಯುಧ ಕಾಯ್ದೆಯ ಪ್ರಕಾರ ನಿಷೇಧಿತ ಬೋರು (ನಳಿಗೆಯ ಅಳತೆ). “ನಮಗೆ ಕೋವಿಗೆ ವಿನಾಯಿತಿ ಇದೆಯಲ್ಲ?” ಅಂತ ತಮ್ಮ ಕೇಳಿದರು. ಕೊಡವರಿಗಿರುವ ಕೋವಿ ಲೈಸೆನ್ಸಿನ ವಿನಾಯಿತಿ ಬೇರೆ, ನಿಷೇಧಿತ ಬೋರಿನ ತೋಟಾ ಮನೆಯಲ್ಲಿಟ್ಟುಕೊಳ್ಳುವುದು ಬೇರೆ ಅಂತ ಹೇಳಿದೆ.

ಠಾಣೆಗೆ ಹೋದರೆ ಸುಮ್ನೆ ರಗಳೆ ಅನ್ನುವ ಭಯ ಮನೆಯವರಿಗಿತ್ತು. ಎರಡು ದಿನ ಅದೇ ಚರ್ಚೆ. ಕೊನೆಗೆ ಪರಿಚಯದ ಲೈಸೆನ್ಸ್ ಇರುವ ಆಯುಧ ವ್ಯಾಪಾರಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಎಲ್ಲಿ ಹೇಗೆ ಸಿಕ್ಕಿತು ಅಂತ ಪತ್ರ ಬರೆದುಕೊಟ್ಟು, ತೋಟಾ ಒಪ್ಪಿಸಿ ರಸೀದಿ ತಂದರು. ಯಾವ ರಗಳೆಯೂ ಆಗಲಿಲ್ಲ. ಒಪ್ಪಿಸುವುದಕ್ಕೆ ಮುಂಚೆ ಮೊಮ್ಮಗಳು ಅದರ ತಳದ ಫೋಟೋ ಒಂದನ್ನು ಹತ್ತಿರದಿಂದ ತೆಗೆದಿಟ್ಟುಕೊಂಡಿದ್ದಳು. ಮುಂದೆ ಅದೇ ಕೆಲಸಕ್ಕೆ ಬಂತು.

ನನ್ನ ತಪ್ಪು

ಖಾಲಿ ಕೊಳವೆಗಳ ವಿಷಯಕ್ಕೆ ಬಂದಾಗ ಮೊದಲು ಎಡವಿದ್ದು ನಾನು. ಮೊಮ್ಮಗಳು ಕಾಲೇಜಿನ ಲ್ಯಾಬಿನಿಂದ ವರ್ನಿಯರ್ ಕ್ಯಾಲಿಪರ್ ಕೇಳಿ ತಂದಿದ್ದಳು. ಆತುರದಲ್ಲಿ ಕೊಳವೆಯ ಬಾಯಿಯನ್ನೇ ಮೊದಲು ಅಳೆದೆ. 8 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಬಂತು. ಅಷ್ಟೇ ಸಾಕಾಯಿತು, ಮೂವರೂ ತಾವೇ ಗೆದ್ದೆವು ಅಂದರು.

ಯಾಕೆ ಅಂದರೆ, ತ್ರೀ ನಾಟ್ ತ್ರೀಯ ಗುಂಡಿನ ನಿಜವಾದ ದಪ್ಪ ಸುಮಾರು 7.9 ಮಿ.ಮೀ. 0.303 ಇಂಚು ಅನ್ನುವುದು ಕೋವಿಯ ನಳಿಗೆಯೊಳಗೆ ಗೀರುಗಳ ನಡುವೆ ಎದ್ದಿರುವ ಏಣಿನಿಂದ ಏಣಿಗೆ ಇರುವ ಅಳತೆ, ಗುಂಡಿನ ದಪ್ಪ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಜರ್ಮನಿಯ ಹೊಸ ಬಗೆಯ ಗುಂಡು 8.2 ಮಿ.ಮೀ. ಹಾರಿಸಿದ ಮೇಲೆ ಕೊಳವೆಯ ಬಾಯಿ ಹಿಗ್ಗುತ್ತದೆ, ಡಬ್ಬದಲ್ಲಿ ಬಿದ್ದು ನೆಗ್ಗುತ್ತದೆ. ಆ ಬಾಯಿಯನ್ನು ನಂಬಿ ಏನೂ ತೀರ್ಮಾನ ಮಾಡುವ ಹಾಗಿಲ್ಲ. ನಾನು ಅಲ್ಲಿಂದ ಶುರು ಮಾಡಿದ್ದಕ್ಕೆ ಜಗಳ ಇನ್ನೊಂದು ವಾರ ಬೆಳೆಯಿತು.

ಮುಂದಿನ ಭಾನುವಾರ ತಳದಿಂದ ಶುರು ಮಾಡಿದೆವು. ಹೊರಚಾಚಿದ ಅಂಚು ಸುಮಾರು 14 ಮಿ.ಮೀ. ಅಂಚಿನ ಸ್ವಲ್ಪ ಮೇಲೆ ಕೊಳವೆಯ ಮೈ 12.5. ಒಟ್ಟು ಉದ್ದ 50ಕ್ಕಿಂತ ಚೂರು ಜಾಸ್ತಿ. ಎಂಟನ್ನೂ ಅಳೆದೆವು, ಎಂಟೂ ಒಂದೇ.

ಮೊದಲು ಬಿದ್ದದ್ದು ನೆಂಟರ ವಾದ. ಜರ್ಮನಿಯ 8 ಮಿ.ಮೀ. ತೋಟಾದ ತಳದಲ್ಲಿ ಹೊರಚಾಚಿದ ಅಂಚೇ ಇಲ್ಲ. ಮೈ ಮಟ್ಟಕ್ಕೇ ಒಂದು ತೋಡು ಇರುತ್ತದೆ ಅಷ್ಟೇ. ಅದಕ್ಕೆ ವರ್ನಿಯರ್ ಕೂಡ ಬೇಡ, ಬೆರಳು ಸವರಿದರೆ ಸಾಕು. ಅಂದಹಾಗೆ, ಆ ತೋಟಾಕ್ಕೆ ಮೌಸರ್ ಅಂತ ಹೆಸರಿದ್ದರೂ ಅದನ್ನು ಮಾಡಿದ್ದು ಮೌಸರ್ ಅಲ್ಲ. 1888ರಲ್ಲಿ ಜರ್ಮನ್ ಸೇನೆಯ ರೈಫಲ್ ಪರೀಕ್ಷಾ ಆಯೋಗವೇ ಅದನ್ನು ರೂಪಿಸಿತು. ಆಮೇಲೆ ಆ ತೋಟಾ ಹಾರಿಸುವ ಮೌಸರ್ ರೈಫಲ್ ಲೋಕಪ್ರಸಿದ್ಧವಾಗಿ ಹೆಸರು ಅಂಟಿಕೊಂಡಿತು. ಇನ್ನೂ ಒಂದು ವಿಷಯ ಇದೆ. ಪದಾತಿ ದಳ ಅನ್ನುವುದಕ್ಕೆ ಅವರು ಬರೆಯುತ್ತಿದ್ದ ‘ಐ’ ಅಕ್ಷರ ಹಳೆಯ ಜರ್ಮನ್ ಲಿಪಿಯಲ್ಲಿ ‘ಜೆ’ ಥರ ಕಾಣುತ್ತಿತ್ತು. ಹಾಗಾಗಿ ಇವತ್ತಿಗೂ ಪೆಟ್ಟಿಗೆಗಳ ಮೇಲೆ ‘ಜೆ’ ಅಂತಲೇ ಇದೆ. ತೋಟಾದ ಹೆಸರನ್ನು ನೋಡಿ ಅದರ ಹುಟ್ಟನ್ನು ಹೇಳಲು ಹೋಗಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಆಮೇಲೆ ತ್ರೀ ನಾಟ್ ತ್ರೀ. ಅದರ ಉದ್ದ 56.4 ಮಿ.ಮೀ, ಅಂಚು 13.7, ತಳದ ಮೈ 11.7. ಅಣ್ಣನ ಮಾತು ಇಲ್ಲಿಗೆ ನಿಂತಿತು. ತಮ್ಮನ ವಾದವೂ ಇದೇ ಲೆಕ್ಕದಲ್ಲಿ ಸಿಕ್ಕಿಬಿತ್ತು. ಬಾಯಿ ಅಗಲ ಮಾಡಬಹುದು, ಉದ್ದ ಕತ್ತರಿಸಬಹುದು. ಆದರೆ 11.7 ಇರುವ ತಳವನ್ನು 12.5ಕ್ಕೆ ಹಿಗ್ಗಿಸುವುದು ಯಾರೂ ಮಾಡುವ ಕೆಲಸವಲ್ಲ. ತಳ ಬೇರೆ ಅಂದಮೇಲೆ ವಂಶವೂ ಬೇರೆ.

ಒಂದೇ ಹೆಸರಿನ ಇಬ್ಬರು

ಮೊಮ್ಮಗಳು ಅಳತೆಗಳನ್ನು ಇಟ್ಟುಕೊಂಡು ಹುಡುಕಿ, ಇದು ಅಂಚಿರುವ 8×50, ಅಂದರೆ ಫ್ರಾನ್ಸಿನ ಲೆಬೆಲ್ ತೋಟಾ ಅಂತ ಬರೆದುಕೊಂಡು ಬಂದಳು. ಅವಳ ತಪ್ಪಲ್ಲ. ಒಂದೇ ಹೆಸರಿನಲ್ಲಿ ಎರಡು ತೋಟಾಗಳಿವೆ.

1884ರಲ್ಲಿ ಪೋಲ್ ವಿಯೆಲ್ ಅನ್ನುವ ಫ್ರೆಂಚ್ ರಸಾಯನ ತಜ್ಞ ಹೊಗೆ ಇಲ್ಲದ ಮದ್ದು ಕಂಡುಹಿಡಿದರು. 1886ಕ್ಕೆ ಲೆಬೆಲ್ ರೈಫಲ್ ಬಂತು. ಅಲ್ಲಿಯವರೆಗೆ ಎಲ್ಲ ಸೇನೆಗಳ ಗುಂಡೂ 11 ಮಿ.ಮೀ. ಆಸುಪಾಸು. ಇದ್ದಕ್ಕಿದ್ದ ಹಾಗೆ ಫ್ರಾನ್ಸ್ 8 ಮಿ.ಮೀ.ಗೆ ಇಳಿದು ಎಲ್ಲರಿಗಿಂತ ದೂರ ಹೊಡೆಯತೊಡಗಿತು. ಯೂರೋಪಿನ ಸೇನೆಗಳಿಗೆ ನಿದ್ದೆ ಹಾರಿಹೋಯಿತು. ಆಸ್ಟ್ರಿಯಾ–ಹಂಗರಿಯ ಸ್ಥಿತಿ ಇನ್ನೂ ಕಷ್ಟ. ಅವರು ಅದೇ 1886ರಲ್ಲಿ 11 ಮಿ.ಮೀ. ಮ್ಯಾನ್‌ಲಿಷರ್ ರೈಫಲ್ ಒಪ್ಪಿಕೊಂಡಿದ್ದರು. ಎರಡೇ ವರ್ಷದಲ್ಲಿ, 1888ರಲ್ಲಿ, 8 ಮಿ.ಮೀ.ಗೆ ಬದಲಾದರು. ಹೊಗೆ ಇಲ್ಲದ ಮದ್ದು ಇನ್ನೂ ಕೈಗೆ ಬಂದಿರಲಿಲ್ಲ, ಹಾಗಾಗಿ ಹಳೆಯ ಕಪ್ಪು ಮದ್ದನ್ನೇ ತುಂಬಿದರು. 1890ರಲ್ಲಿ ಹೊಸ ಮದ್ದಿನ ತೋಟಾ ಬಂತು. ಇಂಗ್ಲೆಂಡಿನ ಕತೆಯೂ ಹೆಚ್ಚು ಕಡಿಮೆ ಇದೇ. ತ್ರೀ ನಾಟ್ ತ್ರೀ ಕೂಡ ಮೊದಲು ಬಂದದ್ದು ಒತ್ತಿ ಗಟ್ಟಿ ಮಾಡಿದ ಕಪ್ಪು ಮದ್ದಿನಲ್ಲಿ. ಕಾರ್ಡೈಟ್ ಅನ್ನುವ ಹೊಗೆ ಇಲ್ಲದ ಮದ್ದು ಅದಕ್ಕೆ ಸೇರಿದ್ದು 1890ರ ದಶಕ ಶುರುವಾದ ಮೇಲೆ. ತ್ರೀ ನಾಟ್ ತ್ರೀಯ ಗುಂಡಿನ ಹಿಂದಿದ್ದದ್ದು ಸ್ವಿಟ್ಜರ್ಲೆಂಡಿನ ಮೇಜರ್ ಎಡ್ವರ್ಡ್ ರುಬಿನ್ ಅವರ ತಾಮ್ರದ ಹೊದಿಕೆಯ ಗುಂಡಿನ ಪ್ರಯೋಗಗಳು. ರೈಫಲ್ಲಿನ ಜೊತೆ ಅದನ್ನು ರೂಪಿಸಿದ ಲೀ, ಮೆಟ್‌ಫರ್ಡ್ ಅನ್ನುವವರ ಹೆಸರುಗಳು ಉಳಿದವು. ರುಬಿನ್ ಹೆಸರು ತೋಟಾದ ಮೇಲೆ ಎಲ್ಲೂ ಇಲ್ಲ.

ಹೀಗೆ ಫ್ರಾನ್ಸ್, ಆಸ್ಟ್ರಿಯಾ ಎರಡರಲ್ಲೂ 8 ಮಿ.ಮೀ. ಬಾಯಿ, ಸುಮಾರು 50 ಮಿ.ಮೀ. ಉದ್ದದ, ಅಂಚಿರುವ ತೋಟಾ ಹುಟ್ಟಿತು. ಆದರೆ ಲೆಬೆಲ್ ತೋಟಾ ಬಂದದ್ದು ಹಳೆಯ ಗ್ರಾ ರೈಫಲ್ಲಿನ ದಪ್ಪ ತೋಟಾದಿಂದ. ಅದರ ಅಂಚು 16 ಮಿ.ಮೀ, ತಳದ ಮೈ 13.8. ಪಕ್ಕಪಕ್ಕ ಇಟ್ಟರೆ ಲೆಬೆಲ್ ಕುಂಡೆ ದಪ್ಪದ ಸೋರೆಬುರುಡೆ ಥರ ಕಾಣುತ್ತದೆ. ನಮ್ಮ ಕೊಳವೆಯ ಅಂಚು 14. ಅಲ್ಲಿಗೆ ಮ್ಯಾನ್‌ಲಿಷರ್ ಒಂದೇ ಉಳಿಯಿತು.

ತಮ್ಮ ಮಾತ್ರ ಒಪ್ಪಲಿಲ್ಲ. ಆಸ್ಟ್ರಿಯಾದ್ದಾದರೆ ಇಲ್ಲಿ ತ್ರೀ ಫಿಫ್ಟೀನ್ ಅಂತ ಯಾಕೆ ಕರೆಯುತ್ತಾರೆ ಅಂದರು. ಮೊಮ್ಮಗಳು ಪೇಪರಿನ ಅಂಚಿನಲ್ಲೇ ಲೆಕ್ಕ ಹಾಕಿದಳು. ಒಂದು ಇಂಚಿಗೆ 25.4 ಮಿ.ಮೀ. 8ನ್ನು 25.4ರಿಂದ ಭಾಗಿಸಿದಳು. 0.31496 ಬಂತು. ಪೇಪರನ್ನು ತಿರುಗಿಸಿ ಅವರ ಮುಂದಿಟ್ಟಳು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ಆ ಕೋಣೆಯಲ್ಲಿ ನಾನು ಮರೆಯಲಾರದ ಗಳಿಗೆ ಅದು. ತ್ರೀ ಫಿಫ್ಟೀನ್ ಅಂದರೆ 8 ಮಿ.ಮೀ.ಯನ್ನೇ ಇಂಚಿನಲ್ಲಿ ಹೇಳಿದ್ದು. ಹೆಸರು ಇಂಗ್ಲಿಷ್ ಅಳತೆಯದು, ಒಳಗಿರುವುದು ಯೂರೋಪಿನ ಮೆಟ್ರಿಕ್ ತೋಟಾ.

ತಮ್ಮ ಕೇಳಿದ ಪ್ರಶ್ನೆ

ಅವರು ಪೇಪರ್ ಕೆಳಗಿಟ್ಟು ಕೇಳಿದರು. “ಸರಿ ಮಗಾ. ಆದ್ರೆ ಆಸ್ಟ್ರಿಯಾದ ತೋಟಾ ಕೊಡಗಿಗೆ ಯಾಕೆ ಬಂತು?”

ಅಷ್ಟು ದಿನದ ಜಗಳದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಇದೇ. ಇದಕ್ಕೆ ಉತ್ತರ ಹುಡುಕಿದರೆ ಅವರ ಕತೆಯ ಅರ್ಧ ಭಾಗ ನಿಜವಾಗುತ್ತದೆ. ಸೇನೆ ಬಳಸುವ ತೋಟಾ ಸಾಮಾನ್ಯರ ಕೋವಿಯಲ್ಲಿ ಹಾರಬಾರದು ಅನ್ನುವುದು ಬ್ರಿಟಿಷ್ ಸರ್ಕಾರದ ದೊಡ್ಡ ಚಿಂತೆಯಾಗಿತ್ತು. ಕದ್ದ ಮಿಲಿಟರಿ ತೋಟಾ ದಂಗೆಕೋರರ ಕೈ ಸೇರುತ್ತದೆ ಅನ್ನುವ ಭಯ. 1907ರಲ್ಲಿ 0.450 ಇಂಚಿನ ಕೋವಿಗಳನ್ನು ಭಾರತದಲ್ಲಿ ಖಾಸಗಿಯವರಿಗೆ ನಿಷೇಧಿಸಿದರು. ಆಗ ಲಂಡನ್, ಬರ್ಮಿಂಗ್‌ಹ್ಯಾಮಿನ ಕೋವಿ ತಯಾರಕರು 0.465, 0.470 ಅಂತ ಪಕ್ಕದ ಅಳತೆಗಳನ್ನು ಹುಟ್ಟುಹಾಕಿದರು. ಆನೆ, ಕಾಟಿ ಬೇಟೆಯ ಆ ಹೆಸರಾಂತ ತೋಟಾಗಳಲ್ಲಿ ಕೆಲವು ಹುಟ್ಟಿದ್ದೇ ಭಾರತದ ಒಂದು ಸರ್ಕಾರಿ ಆದೇಶದಿಂದ.

ತ್ರೀ ನಾಟ್ ತ್ರೀಗೂ ಇದೇ ತಡೆ ಇತ್ತು. ಇಂಗ್ಲೆಂಡಿನ ಕೋವಿ ತಯಾರಕ ಬಿಎಸ್‌ಎ ಕಂಪನಿ ತನ್ನ ಲೀ ಬೋಲ್ಟಿನ (ಕೊಳವೆಯ ಹಿಂದೆ ಮುಚ್ಚುವ ಅಗುಳಿಯ) ಬೇಟೆ ರೈಫಲ್ಲನ್ನು ಭಾರತಕ್ಕಾಗಿ 8 ಮಿ.ಮೀ. ಮ್ಯಾನ್‌ಲಿಷರ್ ತೋಟಾಕ್ಕೆ ಮಾಡಿ ಮಾರಿತು. ಹೊಸ ತೋಟಾ ಕಂಡುಹಿಡಿಯುವ ಬದಲು ಆಸ್ಟ್ರಿಯಾದ್ದನ್ನೇ ಆರಿಸಿದ್ದು ಯಾಕೆ ಅನ್ನುವುದಕ್ಕೆ ಉತ್ತರ ಮತ್ತೆ ತಳದಲ್ಲೇ ಇದೆ ಅಂತ ನನ್ನ ಅನಿಸಿಕೆ. 13.7ರ ಅಂಚಿಗೆ ಮಾಡಿದ ಬೋಲ್ಟಿಗೆ 14ರ ಅಂಚು ಹೊಂದಿಸುವುದು ಸಣ್ಣ ಕೆಲಸ. ಇಷ್ಟಾದರೂ ಮೈ, ಉದ್ದ, ಬಾಯಿ ಎಲ್ಲವೂ ಬೇರೆ. ಕಾನೂನಿಗೂ ತೃಪ್ತಿ, ಫ್ಯಾಕ್ಟರಿಗೂ ಸುಲಭ.

ಸ್ವಾತಂತ್ರ್ಯ ಬಂದ ಮೇಲೂ ಆ ವ್ಯತ್ಯಾಸ ಉಳಿಯಿತು. ಪಶ್ಚಿಮ ಬಂಗಾಳದ ಈಶಾಪುರದ ರೈಫಲ್ ಫ್ಯಾಕ್ಟರಿ ತ್ರೀ ಫಿಫ್ಟೀನ್ ರೈಫಲ್ ಮಾಡುತ್ತಾ ಬಂತು. ಆಸ್ಟ್ರಿಯಾ ಮಾತ್ರ 1930ರ ಹೊತ್ತಿಗೆ ಇದನ್ನು ಬಿಟ್ಟು 8×56 ಅನ್ನುವ ಉದ್ದದ ತೋಟಾಕ್ಕೆ ಹೋಯಿತು. ಹುಟ್ಟಿದ ಮನೆಯಲ್ಲಿ ಮರೆತುಹೋದ ತೋಟಾ ದತ್ತು ಬಂದ ಮನೆಯಲ್ಲಿ ಬದುಕಿತು. ಖಡ್ಕಿಯ ಮುದ್ರೆ ಹೇಳುವುದು ಆ ಕೊಳವೆ ಎಲ್ಲಿ ತಯಾರಾಯಿತು ಅನ್ನುವುದನ್ನು. ಆ ಆಕಾರ ಎಲ್ಲಿ ಹುಟ್ಟಿತು ಅನ್ನುವುದು ಬೇರೆ ಪ್ರಶ್ನೆ. ಅದು ಭಾರತಕ್ಕೆ ಯಾಕೆ ಬಂತು ಅನ್ನುವುದು ಮೂರನೆಯದು. ತಮ್ಮ ಮೂರನೆಯದರ ಉತ್ತರವನ್ನು ಎರಡನೆಯದಕ್ಕೆ ಕೊಟ್ಟಿದ್ದರು. ಈ ಮೂರನ್ನೂ ಬಿಡಿಸಿ ಕೇಳಿದ್ದರೆ ಮೊದಲ ದಿನವೇ ಅರ್ಧ ಜಗಳ ಮುಗಿಯುತ್ತಿತ್ತು.

ದಂ ದಂ

ಅಣ್ಣ ಸುಮ್ಮನೆ ಕೂತಿದ್ದರು. ಅವರ ಪಾಲಿಗೆ ಇದು ಅಪ್ಪನ ಮಾತಿನ ಪ್ರಶ್ನೆ. ಹಾಗಾಗಿ ಒಪ್ಪಿಸಿದ ತೋಟಾದ ಫೋಟೋವನ್ನು ದೊಡ್ಡದು ಮಾಡಿ ತೋರಿಸಿದೆವು. ಕೆ ಮತ್ತು ಎಫ್ ನಡುವೆ ಸರ್ಕಾರದ ಬಾಣದ ಗುರುತು, ಜೊತೆಗೆ ರೋಮನ್ ಅಂಕಿಯಲ್ಲಿ ಏಳು. ಇದು ಖಡ್ಕಿಯ ತ್ರೀ ನಾಟ್ ತ್ರೀ, ಏಳನೇ ಮಾರ್ಕು, ಅಂದರೆ ಏಳನೇ ಮಾದರಿ. ಅಣ್ಣ ಹೇಳಿದ್ದು ಈ ಒಂದರ ಮಟ್ಟಿಗೆ ಪೂರ್ತಿ ಸರಿ, ಸೇನೆಯದ್ದೇ.

ಆದರೆ ದಂ ದಂ ಅಲ್ಲ. ಆ ಕತೆ ಹೀಗಿದೆ. 1895ರಲ್ಲಿ ಈಗಿನ ಪಾಕಿಸ್ತಾನದಲ್ಲಿರುವ ಚಿತ್ರಾಲ್‌ನಲ್ಲಿ ನಡೆದ ಯುದ್ಧದಲ್ಲಿ ತ್ರೀ ನಾಟ್ ತ್ರೀಯ ಗುಂಡು ಮೈ ತೂರಿ ಹೋದರೂ ಎದುರಾಳಿ ನಿಲ್ಲುತ್ತಿಲ್ಲ ಅಂತ ದೂರು ಬಂತು. ಕಲ್ಕತ್ತಾ ಪಕ್ಕದ ದಂ ದಂ ಫ್ಯಾಕ್ಟರಿಯಲ್ಲಿ ಕ್ಯಾಪ್ಟನ್ ಬರ್ಟಿ ಕ್ಲೇ ಗುಂಡಿನ ತುದಿಯಲ್ಲಿ ಹೊದಿಕೆ ಬಿಡಿಸಿ ಸೀಸ ಸ್ವಲ್ಪ ಕಾಣುವ ಹಾಗೆ ಮಾಡಿದರು. ಮೈಗೆ ತಗುಲಿದರೆ ಅದು ಅರಳುತ್ತಿತ್ತು. ಆಮೇಲೆ ಇಂಗ್ಲೆಂಡಿನ ವುಲ್ವಿಚ್‌ನಲ್ಲಿ ತುದಿಗೆ ತೂತಿರುವ ಮೂರು, ನಾಲ್ಕನೇ ಮಾರ್ಕುಗಳನ್ನು ಮಾಡಿದರು. ಅವಕ್ಕೂ ಜನ ದಂ ದಂ ಅಂತಲೇ ಹೆಸರಿಟ್ಟರು. ಜರ್ಮನಿಯ ಶಸ್ತ್ರವೈದ್ಯ ಪೌಲ್ ಫಾನ್ ಬ್ರುನ್ಸ್ ಇಂಥ ಗುಂಡಿನ ಗಾಯ ಎಷ್ಟು ಭೀಕರ ಅಂತ ಪ್ರಯೋಗ ಮಾಡಿ ತೋರಿಸಿದರು. ಅವರು ಬಳಸಿದ್ದು ಸೀಸ ಇನ್ನೂ ಹೆಚ್ಚು ಹೊರಗಿದ್ದ ಬೇಟೆ ಗುಂಡನ್ನು, ನಮ್ಮದನ್ನಲ್ಲ ಅಂತ ಬ್ರಿಟಿಷರು ತಕರಾರು ತೆಗೆದರು. ಕೊನೆಗೆ 1899ರ ಹೇಗ್ ಸಮ್ಮೇಳನದಲ್ಲಿ ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಬಾರದು ಅಂತ ಘೋಷಣೆ ಆಯಿತು. ಚೂಪು ಮೂತಿಯ, ಪೂರ್ತಿ ಹೊದಿಕೆ ಇರುವ ಏಳನೇ ಮಾರ್ಕು ಬಂದದ್ದು 1910ರಲ್ಲಿ.

“ಹಾಗಾದ್ರೆ ಅಪ್ಪ ಸುಳ್ಳು ಹೇಳಿದ್ರಾ?” ಅಂತ ಅಣ್ಣ ಕೇಳಿದರು. ಇಲ್ಲ ಅಂದೆ. ಅವರ ಕಾಲಕ್ಕೆ ದಂ ದಂ ಅನ್ನುವುದು ಯಾವುದೇ ಘೋರ ಗುಂಡಿಗೆ ಸಿಪಾಯಿಗಳು ಬಳಸುವ ಮಾತಾಗಿಹೋಗಿತ್ತು. ಅದನ್ನೇ ಅವರು ಹೇಳಿದ್ದಿರಬೇಕು. ಅಣ್ಣನಿಗೆ ಸಮಾಧಾನವಾಯಿತು.

ಯಾರೂ ಕೇಳದೇ ಇದ್ದವರು

ಒಂದು ಗಂಟು ಉಳಿದಿತ್ತು. ಸೇನೆಯ ತೋಟಾ ಒಂದು ಸರಿ, ಬೇಟೆಯ ತ್ರೀ ಫಿಫ್ಟೀನ್ ಎಂಟು ಅದೇ ಡಬ್ಬಕ್ಕೆ ಹೇಗೆ ಬಂದವು? ಇಷ್ಟು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅಣ್ಣನ ಹೆಂಡತಿ ಆಗ ಬಾಯಿ ಬಿಟ್ಟರು. “ಅದು ಹಂದಿ ಕೋವಿದು ಅಲ್ವಾ?” ಅಂದರು.

ಎಲ್ಲರೂ ತಿರುಗಿ ನೋಡಿದರು. ಅವರು ಸೊಸೆಯಾಗಿ ಬಂದಾಗ ಮಾವನ ಹತ್ತಿರ ಒಂದು ರೈಫಲ್ ಇತ್ತಂತೆ. ಭತ್ತದ ಗದ್ದೆಗೆ ಹಂದಿ ನುಗ್ಗಿದರೆ ಅದನ್ನೇ ತೆಗೆಯುತ್ತಿದ್ದರಂತೆ. 1972ರ ವನ್ಯಜೀವಿ ಕಾಯ್ದೆಗೂ ಹಿಂದಿನ ಮಾತು. ಆಮೇಲೆ ಅದನ್ನು ಮಾರಿದರಂತೆ. ಯಾವ ಕಂಪನಿಯದು ಅಂತ ಅಣ್ಣನಿಗೇ ನೆನಪಿಲ್ಲ. ಅವರಿಗಿತ್ತು. ಮೂರು ಕೋವಿ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಗುರುತು, ನಮ್ಮ ಹಳೆ ಸೈಕಲ್ಲಿನ ಮೇಲೂ ಅದೇ ಇತ್ತು ಅಂದರು. ಬಿಎಸ್‌ಎಯ ಗುರುತು ಅದು. ನಾನು ವರ್ನಿಯರ್ ಹಿಡಿದು ಎರಡು ಭಾನುವಾರ ತಡಕಾಡಿದ್ದಕ್ಕೆ ಅವರು ಒಂದೇ ನಿಮಿಷದಲ್ಲಿ ಉತ್ತರ ಕೊಟ್ಟರು. ಈಗ ಇಂಥ ಮನೆಗೆ ಹೋದರೆ ನಾನು ಮೊದಲು ಮಾತಾಡಿಸುವುದು ಮನೆಯ ಹೆಂಗಸರನ್ನು. ಕೋವಿ ಒರೆಸಿದ್ದು, ಡಬ್ಬ ಎತ್ತಿಟ್ಟಿದ್ದು ಅವರೇ ಆಗಿರುತ್ತಾರೆ. ತಳವನ್ನು ಉಜ್ಜಬೇಡಿ ಅಂತ ಫೋನಿನಲ್ಲೇ ಹೇಳಿಬಿಡುತ್ತೇನೆ. ಅಳತೆ ಆಮೇಲೆ.

ಫಲಕ

ಮೊಮ್ಮಗಳು ಬರೆದ ಮೊದಲ ಫಲಕ ಹೀಗಿತ್ತು: “8 ಮಿ.ಮೀ. ಮ್ಯಾನ್‌ಲಿಷರ್. ಆಸ್ಟ್ರಿಯಾ–ಹಂಗರಿಯ ಸೇನೆಗಾಗಿ ಹುಟ್ಟಿದ ತೋಟಾ. ಭಾರತದಲ್ಲಿ 0.315 ಅಂತ ಹೆಸರಾಯಿತು. ಇವುಗಳಲ್ಲಿ ಒಂದರ ಮೇಲೆ ಖಡ್ಕಿ ಫ್ಯಾಕ್ಟರಿಯ ಮುದ್ರೆ ಇದೆ.” ವರ್ಷ ಬರೆಯಲಿಲ್ಲ. ಸ್ಯಾಂಡ್ ಪೇಪರ್ ಅದನ್ನು ತಿಂದುಹಾಕಿತ್ತು. ತಮ್ಮ ಒಂದು ಸಾಲು ಸೇರಿಸಲು ಹೇಳಿದರು: “ಸೇನೆಯ ತೋಟಾ ಜನರಿಗೆ ಸಿಗಬಾರದೆಂಬ ಬ್ರಿಟಿಷ್ ಕಾನೂನಿನಿಂದಾಗಿ ಇಲ್ಲಿಗೆ ಬಂತು.” ಅದನ್ನೂ ಸೇರಿಸಿದರು. ಗುಂಡಿದ್ದ ತೋಟಾದ ಜಾಗದಲ್ಲಿ ಅದರ ತಳದ ಫೋಟೋ ಇಟ್ಟರು.

ಕೈಲ್‌ಪೊಳ್ದ್ ದಿನ ಕೋವಿಗಳಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮುಗಿಸಿದ ಮೇಲೆ ಗಾಜಿನ ಪೆಟ್ಟಿಗೆಯ ಮುಂದೆ ಎಲ್ಲರೂ ಸೇರಿದ್ದರು. ಅಣ್ಣನ ಹೆಂಡತಿ ಫಲಕವನ್ನು ನಿಧಾನವಾಗಿ ಓದಿದರು. ಓದಿ ಮುಗಿಸಿ ಮೊಮ್ಮಗಳನ್ನು ಕರೆದು, “ಯಾಕೆ ಹಾರಿಸ್ತಿದ್ರು ಅಂತ ಎಲ್ಲೂ ಬರೆದಿಲ್ವಲ್ಲ” ಅಂದರು. ಅವಳು ಪೆನ್ನು ತಂದು ಕೊನೆಗೆ ಬರೆದಳು: “ಸುಬೇದಾರ್ ಅಜ್ಜ ಇವುಗಳನ್ನು ಗದ್ದೆಗೆ ಬರುತ್ತಿದ್ದ ಹಂದಿಗಳಿಗೆ ಹಾರಿಸಿದ್ದರು.”